ಗುಣಾತ್ಮಕ ವಿಶ್ಲೇಷಣೆ: ಅಪರಿಚಿತ ಸಂಯುಕ್ತಗಳ ಗುರುತು

ಹೆಸರು ಗೊತ್ತಿಲ್ಲದ ಒಂದು ವಸ್ತುವಿನಲ್ಲಿ ಯಾವ ಧಾತುಗಳಿವೆ, ಅವು ಯಾವ ಅಯಾನುಗಳಾಗಿ ಅಥವಾ ಅಣುಗಳಾಗಿ ಕೂಡಿಕೊಂಡಿವೆ ಎಂಬುದನ್ನು ಪತ್ತೆಹಚ್ಚುವ ರಸಾಯನವಿಜ್ಞಾನದ ಶಾಖೆ ಗುಣಾತ್ಮಕ ವಿಶ್ಲೇಷಣೆ. ಎಷ್ಟಿದೆ ಎಂದು ಅಳೆಯುವುದು ಪರಿಮಾಣಾತ್ಮಕ ವಿಶ್ಲೇಷಣೆಗೆ ಸೇರಿದ್ದು. ಏನಿದೆ, ಏನಿಲ್ಲ ಎಂದು ಹೇಳುವುದಷ್ಟೇ ಇದರ ಹೊಣೆ. ಪ್ರನಾಳ, ಬರ್ನರ್, ಪ್ಲಾಟಿನಂ ತಂತಿ, ಶೋಧಕ ಕಾಗದ ಮತ್ತು ಎರಡು ಮೂರು ಡಜನ್ ಕಾರಕಗಳಿಂದ ಇದರ ಬಹುಪಾಲು ಕೆಲಸ ನಡೆಯುತ್ತದೆ. ಕರ್ನಾಟಕದ ಪಿಯುಸಿ ವಿದ್ಯಾರ್ಥಿಗಳಿಗೆ ಇದು ಲವಣ ವಿಶ್ಲೇಷಣೆ ಎಂಬ ಹೆಸರಿನಲ್ಲಿ ಪರಿಚಿತ.

ಈ ವಿದ್ಯೆಯ ಉಪಯೋಗ ಕಾಲೇಜಿನ ಪ್ರಯೋಗಶಾಲೆಯ ಹೊರಗೆ ಹೇಗೆ ಹಬ್ಬಿದೆ ಎಂಬುದಕ್ಕೆ ತಿರುವನಂತಪುರದಿಂದ ಕೊಚ್ಚಿಯವರೆಗಿನ ಕರಾವಳಿ ಒಳ್ಳೆಯ ನಿದರ್ಶನ. ಇಲ್ಲಿನ ಸಮುದ್ರತೀರದ ಕಪ್ಪು ಮರಳಿನಲ್ಲಿ ಟೈಟಾನಿಯಂ, ಜಿರ್ಕೋನಿಯಂ, ಥೋರಿಯಂ ಮತ್ತು ವಿರಳ ಭಸ್ಮಧಾತುಗಳ ಖನಿಜಗಳಿವೆ. ತುಂಬದಲ್ಲಿ ರಾಕೆಟ್ ಉಡಾವಣಾ ಕೇಂದ್ರವೂ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರವೂ ಇವೆ. ಅದರ ನೆರೆಯ ಕೊಚ್ಚುವೇಳಿಯಲ್ಲಿ ಟೈಟಾನಿಯಂ ಡೈಆಕ್ಸೈಡ್ ಕಾರ್ಖಾನೆಯಿದೆ. ಕೊಚ್ಚಿಯ ಪಕ್ಕದ ಆಲುವಾ ಪ್ರದೇಶದಲ್ಲಿ ವಿರಳ ಭಸ್ಮಗಳ ಕಾರ್ಖಾನೆ, ರಸಗೊಬ್ಬರ ಕಾರ್ಖಾನೆ ಮತ್ತು ರಾಕೆಟ್ ಇಂಧನಕ್ಕೆ ಬೇಕಾದ ಅಮೋನಿಯಂ ಪರ್ಕ್ಲೋರೇಟ್ ತಯಾರಿಸುವ ಘಟಕವಿದೆ. ಕೊಚ್ಚಿ ನಗರದಲ್ಲಿ 1957ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯಿದೆ. ಮರಳು, ಈ ಕಾರ್ಖಾನೆಗಳ ಬಿಳಿ ಹರಳು, ಮಾರುಕಟ್ಟೆಯ ಮೀನು ಈ ಮೂರನ್ನೂ ಪರೀಕ್ಷಿಸುವ ಕ್ರಮ ಬೇರೆ ಬೇರೆಯಾದರೂ ತರ್ಕ ಒಂದೇ.

ಇತಿಹಾಸ

17ನೆಯ ಶತಮಾನದಲ್ಲಿ ರಾಬರ್ಟ್ ಬಾಯ್ಲ್ ಹೂವಿನ ರಸಗಳ ಬಣ್ಣ ಆಮ್ಲದಲ್ಲಿ ಒಂದು, ಕ್ಷಾರದಲ್ಲಿ ಇನ್ನೊಂದು ಆಗುವುದನ್ನು ಪರೀಕ್ಷೆಯಾಗಿ ಬಳಸಿದ. 18ನೆಯ ಶತಮಾನದಲ್ಲಿ ಸ್ವೀಡನ್ನಿನ ಟೋರ್ಬೆರ್ನ್ ಬೆರ್ಗ್‌ಮನ್ ಖನಿಜ ಜಲಗಳ ಪರೀಕ್ಷೆಗಾಗಿ ಕಾರಕಗಳ ಬಳಕೆಯನ್ನು ವ್ಯವಸ್ಥೆಗೊಳಿಸಿದ. 1841ರಲ್ಲಿ ಜರ್ಮನಿಯ ಕಾರ್ಲ್ ರೆಮಿಜಿಯಸ್ ಫ್ರೆಸೇನಿಯಸ್ ಪ್ರಕಟಿಸಿದ ಗುಣಾತ್ಮಕ ವಿಶ್ಲೇಷಣೆಯ ಪಠ್ಯಪುಸ್ತಕ, ಧನ ಅಯಾನುಗಳನ್ನು ಗುಂಪುಗಳಾಗಿ ಬೇರ್ಪಡಿಸುವ ಕ್ರಮವನ್ನು ಜಗತ್ತಿನಾದ್ಯಂತ ಹರಡಿತು. ಇಂದಿನ ಕಾಲೇಜುಗಳಲ್ಲಿ ಕಲಿಸುವುದು ಬಹುತೇಕ ಅದೇ ಚೌಕಟ್ಟು.

ಕೇರಳದ ಮರಳಿಗೆ ಹತ್ತಿರದ ಕಥೆ 1791ರದ್ದು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಪಾದ್ರಿ ವಿಲಿಯಂ ಗ್ರೆಗರ್ ಒಂದು ತೊರೆಯಲ್ಲಿ ಸಿಕ್ಕಿದ, ಅಯಸ್ಕಾಂತಕ್ಕೆ ಸೆಳೆಯುವ ಕಪ್ಪು ಮರಳನ್ನು ಪರೀಕ್ಷೆಗೆ ತೆಗೆದುಕೊಂಡ. ಹೈಡ್ರೋಕ್ಲೋರಿಕ್ ಆಮ್ಲದಿಂದ ಕಬ್ಬಿಣವನ್ನು ತೆಗೆದ ಮೇಲೆ ಉಳಿದ ಆಕ್ಸೈಡು ಅಂದು ಗೊತ್ತಿದ್ದ ಯಾವ ವಸ್ತುವಿಗೂ ಹೊಂದಲಿಲ್ಲ. ಅದರಲ್ಲಿ ಹೊಸ ಲೋಹವಿರಬೇಕೆಂದು ಆತ ನಿರ್ಧರಿಸಿದ. 1795ರಲ್ಲಿ ಮಾರ್ಟಿನ್ ಕ್ಲಾಪ್ರೋತ್ ರೂಟೈಲ್ ಖನಿಜದಲ್ಲಿ ಅದೇ ಲೋಹವನ್ನು ಕಂಡು ಟೈಟಾನಿಯಂ ಎಂದು ಕರೆದ. ಗ್ರೆಗರ್ ಪರೀಕ್ಷಿಸಿದ ಮರಳು ಇಲ್ಮನೈಟ್. ಕೊಲ್ಲಂ ಜಿಲ್ಲೆಯ ಚವರದಲ್ಲಿ ಇಂದು ಅಗೆಯುವುದೂ ಅದನ್ನೇ. ಅಯಸ್ಕಾಂತ ಮತ್ತು ಆಮ್ಲ, ಇಷ್ಟರಿಂದಲೇ ಒಂದು ಧಾತು ಬೆಳಕಿಗೆ ಬಂದದ್ದು ಗುಣಾತ್ಮಕ ವಿಶ್ಲೇಷಣೆಯ ದೊಡ್ಡ ಗೆಲುವುಗಳಲ್ಲೊಂದು.

ಇದೇ ಕರಾವಳಿಯ ತಿರುವಾಂಕೂರು ಸಂಸ್ಥಾನದ ಮರಳಿನ ಮಹತ್ವ ತಿಳಿದದ್ದೂ ಇಂಥದೇ ಎಚ್ಚರದಿಂದ. 1909ರಲ್ಲಿ ಜರ್ಮನ್ ರಸಾಯನವಿಜ್ಞಾನಿ ಶೋಂಬರ್ಗ್, ತಿರುವಾಂಕೂರಿನಿಂದ ರಫ್ತಾದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಹಳದಿ ಮಿಶ್ರಿತ ಕಂದು ಕಣಗಳನ್ನು ಗಮನಿಸಿ ಅವು ಮೊನಾಜೈಟ್ ಎಂದು ಗುರುತಿಸಿದ. ಆ ದಿನಗಳಲ್ಲಿ ಗ್ಯಾಸ್ ದೀಪದ ಮ್ಯಾಂಟಲ್‌ಗಳಿಗೆ ಥೋರಿಯಂ ಆಕ್ಸೈಡ್ ಬೇಕಿತ್ತು. ಸುಮಾರು 99 ಭಾಗ ಥೋರಿಯಂ ಆಕ್ಸೈಡಿಗೆ ಒಂದು ಭಾಗ ಸೀರಿಯಂ ಆಕ್ಸೈಡ್ ಸೇರಿಸಿದರೆ ಮ್ಯಾಂಟಲ್ ಬೆಳ್ಳಗೆ ಉರಿಯುತ್ತಿತ್ತು. ಮೊನಾಜೈಟಿನಲ್ಲಿ ಎರಡೂ ಇದ್ದುದರಿಂದ ಕನ್ಯಾಕುಮಾರಿ ಬಳಿಯ ಮಣವಾಳಕುರಿಚ್ಚಿಯಲ್ಲಿ ಬೇಗನೆ ಗಣಿಗಾರಿಕೆ ಆರಂಭವಾಯಿತು. ಸ್ವಾತಂತ್ರ್ಯಾನಂತರ, 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ ಸ್ಥಾಪನೆಯಾಗಿ, 1952ರಲ್ಲಿ ಆಲುವಾದ ಕಾರ್ಖಾನೆ ಕೆಲಸ ತೊಡಗಿತು.

ಪ್ರಾಥಮಿಕ ಪರೀಕ್ಷೆಗಳು

ಕಾರಕದ ಬಾಟಲಿಯನ್ನು ಮುಟ್ಟುವ ಮೊದಲೇ ವಸ್ತು ಸಾಕಷ್ಟು ಹೇಳಿಬಿಡುತ್ತದೆ. ನೀಲಿ ಹರಳು ತಾಮ್ರವನ್ನೂ, ಹಸಿರು ನಿಕ್ಕಲ್ ಅಥವಾ ಫೆರಸ್ ಕಬ್ಬಿಣವನ್ನೂ, ಗುಲಾಬಿ ಕೋಬಾಲ್ಟನ್ನೂ ಸೂಚಿಸಬಹುದು. ಬಿಳಿಯಾಗಿದ್ದರೆ ಬಣ್ಣದ ಅಯಾನುಗಳೆಲ್ಲ ಬಹುಮಟ್ಟಿಗೆ ಪಟ್ಟಿಯಿಂದ ಹೊರಗೆ. ಒಣ ಪ್ರನಾಳದಲ್ಲಿ ಕಾಯಿಸಿದಾಗ ನೀರಿನ ಹನಿ ಮೇಲೆ ಕಟ್ಟಿದರೆ ಸ್ಫಟಿಕಜಲವಿದೆ. ಬಿಳಿ ಪುಡಿ ಆವಿಯಾಗಿ ತಣ್ಣಗಿನ ಭಾಗದಲ್ಲಿ ಮತ್ತೆ ಹರಳುಗಟ್ಟಿದರೆ ಅಮೋನಿಯಂ ಕ್ಲೋರೈಡಿನಂಥ ಲವಣದ ಅನುಮಾನ. ಬಿಸಿಯಲ್ಲಿ ಹಳದಿ, ತಣಿದಾಗ ಬಿಳಿ ಆದರೆ ಸತುವಿನ ಆಕ್ಸೈಡ್. ಬೊರಾಕ್ಸ್ ಮಣಿಯನ್ನು ಪ್ಲಾಟಿನಂ ತಂತಿಯ ಕುಣಿಕೆಯಲ್ಲಿ ಕರಗಿಸಿ ವಸ್ತುವಿನ ಒಂದು ಕಣವನ್ನು ಸೇರಿಸಿದರೆ ಕೋಬಾಲ್ಟ್ ಗಾಢ ನೀಲಿ ಬಣ್ಣವನ್ನು ಕೊಡುತ್ತದೆ.

ಜ್ವಾಲಾ ಪರೀಕ್ಷೆಯಲ್ಲಿ ಲವಣವನ್ನು ಗಾಢ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೇವಗೊಳಿಸಿ ತಂತಿಯ ತುದಿಯಲ್ಲಿ ಜ್ವಾಲೆಗೆ ಹಿಡಿಯುತ್ತಾರೆ. ಸೋಡಿಯಂ ಚಿನ್ನದ ಹಳದಿ, ಪೊಟ್ಯಾಸಿಯಂ ತಿಳಿನೇರಳೆ, ಕ್ಯಾಲ್ಸಿಯಂ ಇಟ್ಟಿಗೆ ಕೆಂಪು, ಸ್ಟ್ರಾನ್ಷಿಯಂ ಕಡುಗೆಂಪು, ಬೇರಿಯಂ ಹಸಿರು, ತಾಮ್ರ ನೀಲಿಹಸಿರು. ಬಿಸಿಯಿಂದ ಮೇಲಿನ ಶಕ್ತಿಮಟ್ಟಕ್ಕೆ ಏರಿದ ಎಲೆಕ್ಟ್ರಾನು ಕೆಳಗಿಳಿಯುವಾಗ ಆ ಧಾತುವಿಗೇ ಮೀಸಲಾದ ತರಂಗದೂರದ ಬೆಳಕನ್ನು ಬಿಡುತ್ತದೆ. ಸೋಡಿಯಂ ವಿಷಯದಲ್ಲಿ ಅದು 589.0 ಮತ್ತು 589.6 ನ್ಯಾನೋಮೀಟರಿನ ಜೋಡಿ ರೇಖೆ. ಬುನ್ಸೆನ್ ಮತ್ತು ಕಿರ್ಕಾಫ್ ಈ ಬೆಳಕನ್ನು ಪಟ್ಟಕದಲ್ಲಿ ಒಡೆದು ನೋಡಿ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಧಾತುಗಳನ್ನು ಕಂಡುಹಿಡಿದರು.

ಇದೇ ಜೋಡಿ ರೇಖೆ ತುಂಬದ ಆಕಾಶದಲ್ಲಿ ಒಮ್ಮೆ ಊರಿಗೆಲ್ಲ ಕಾಣಿಸಿತು. 1963ರ ನವೆಂಬರ್ 21ರ ಸಂಜೆ ಇಲ್ಲಿಂದ ಹಾರಿದ ಮೊದಲ ರಾಕೆಟ್ ನೈಕಿ-ಅಪಾಚೆ ಸೋಡಿಯಂ ಆವಿಯನ್ನು ಹೊತ್ತೊಯ್ದು ಮೇಲಿನ ವಾಯುಮಂಡಲದಲ್ಲಿ ಬಿಟ್ಟಿತು. ನೆಲದ ಮೇಲೆ ಕತ್ತಲಾಗುತ್ತಿದ್ದರೂ ಅಷ್ಟು ಎತ್ತರದಲ್ಲಿ ಸೂರ್ಯನ ಬೆಳಕು ಇನ್ನೂ ಬೀಳುತ್ತಿತ್ತು. ಸೋಡಿಯಂ ಪರಮಾಣುಗಳು ಆ ಬೆಳಕಿನಿಂದ ತಮ್ಮ ತರಂಗದೂರವನ್ನು ಹೀರಿ ಮತ್ತೆ ಹೊರಸೂಸಿದಾಗ ಕಿತ್ತಳೆ ಬಣ್ಣದ ಮೋಡ ಮೂಡಿತು. ಮೋಡ ಸರಿಯುವುದನ್ನು ನೋಡಿ ಮೇಲಿನ ಗಾಳಿಯ ವೇಗ, ದಿಕ್ಕು ಅಳೆಯುವುದು ಉದ್ದೇಶ. ಪ್ರಯೋಗಶಾಲೆಯ ಜ್ವಾಲೆಯಲ್ಲಿ ಪರಮಾಣುವನ್ನು ಬಿಸಿ ಎಬ್ಬಿಸಿದರೆ ಇಲ್ಲಿ ಬಿಸಿಲು ಎಬ್ಬಿಸಿತು. ಹೊರಬಂದ ಬೆಳಕು ಅದೇ.

ಸೋಡಿಯಂನ ಈ ತೀವ್ರತೆಯೇ ಪರೀಕ್ಷಕನಿಗೆ ತೊಡಕು. ಕಣ್ಣಿಗೆ ಕಾಣದಷ್ಟು ಉಪ್ಪೂ ಜ್ವಾಲೆಯನ್ನು ಹಳದಿ ಮಾಡಿ ಪೊಟ್ಯಾಸಿಯಂನ ತಿಳಿನೇರಳೆಯನ್ನು ಮುಚ್ಚಿಬಿಡುತ್ತದೆ. ಆಗ ಕೋಬಾಲ್ಟ್ ನೀಲಿ ಗಾಜಿನ ಮೂಲಕ ನೋಡಬೇಕು. ಗಾಜು ಹಳದಿಯನ್ನು ತಡೆದು ಪೊಟ್ಯಾಸಿಯಂನ ಬಣ್ಣವನ್ನು ಬಿಡುತ್ತದೆ. ಕಡಲ ಗಾಳಿಗೆ ತೆರೆದಿಟ್ಟ ಯಾವ ಮಾದರಿಯಲ್ಲೂ ಹಳದಿ ಜ್ವಾಲೆ ಬರುವುದರಿಂದ, ಕರಾವಳಿಯಲ್ಲಿ ಆ ಹಳದಿಯನ್ನು ನೋಡಿ ಸೋಡಿಯಂ ಲವಣವೆಂದು ಬರೆಯುವುದು ಅವಸರದ ತೀರ್ಪು. ಮಾದರಿಯನ್ನು ಬಿಟ್ಟು ಉಳಿದೆಲ್ಲವನ್ನೂ ಹಾಗೆಯೇ ಬಳಸಿ ಮಾಡುವ ಬರಿ ಪರೀಕ್ಷೆ, ಗೊತ್ತಿರುವ ಲವಣದಿಂದ ಮಾಡುವ ಹೋಲಿಕೆ ಪರೀಕ್ಷೆ, ಇವೆರಡನ್ನೂ ಪಕ್ಕದಲ್ಲಿಟ್ಟುಕೊಂಡಾಗ ಮಾತ್ರ ಬಣ್ಣಕ್ಕೆ ಸಾಕ್ಷಿಯ ಬೆಲೆ ಬರುತ್ತದೆ.

ಅಯಾನುಗಳ ಕ್ರಮಬದ್ಧ ಪರೀಕ್ಷೆ

ಋಣ ಅಯಾನುಗಳನ್ನು ಮೊದಲು ಸಾರರಿಕ್ತ ಆಮ್ಲದಿಂದ, ಆಮೇಲೆ ಗಾಢ ಸಲ್ಫ್ಯೂರಿಕ್ ಆಮ್ಲದಿಂದ, ಕೊನೆಗೆ ದ್ರಾವಣದಲ್ಲಿ ಪ್ರಕ್ಷೇಪದಿಂದ ಪರೀಕ್ಷಿಸುವುದು ವಾಡಿಕೆ. ಕಾರ್ಬನೇಟ್ ಸಾರರಿಕ್ತ ಆಮ್ಲದಲ್ಲೇ ನೊರೆಯುಕ್ಕಿ, ಹೊರಟ ಅನಿಲ ಸುಣ್ಣದ ತಿಳಿನೀರನ್ನು ಹಾಲಿನಂತೆ ಮಾಡುತ್ತದೆ. ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆ ಬೀರಿ ಲೆಡ್ ಅಸಿಟೇಟ್ ಕಾಗದವನ್ನು ಕಪ್ಪಾಗಿಸುತ್ತದೆ. ಕ್ಲೋರೈಡ್ ಬೆಳ್ಳಿ ನೈಟ್ರೇಟಿನೊಂದಿಗೆ ಅಮೋನಿಯಾದಲ್ಲಿ ಕರಗುವ ಬಿಳಿ ಪ್ರಕ್ಷೇಪ ಕೊಡುತ್ತದೆ. ಸಲ್ಫೇಟ್ ಬೇರಿಯಂ ಕ್ಲೋರೈಡಿನೊಂದಿಗೆ ಆಮ್ಲದಲ್ಲೂ ಕರಗದ ಬಿಳಿ ಪ್ರಕ್ಷೇಪ ಕೊಡುತ್ತದೆ. ಫಾಸ್ಫೇಟ್ ನೈಟ್ರಿಕ್ ಆಮ್ಲದಲ್ಲಿ ಅಮೋನಿಯಂ ಮಾಲಿಬ್ಡೇಟಿನೊಂದಿಗೆ ಬೆಚ್ಚಗಾದಾಗ ಹೊಳೆಯುವ ಹಳದಿ. ನೈಟ್ರೇಟಿಗೆ ಹೊಸದಾಗಿ ತಯಾರಿಸಿದ ಫೆರಸ್ ಸಲ್ಫೇಟ್ ಸೇರಿಸಿ, ಪ್ರನಾಳದ ಒಳಗೋಡೆಯ ಉದ್ದಕ್ಕೂ ಗಾಢ ಸಲ್ಫ್ಯೂರಿಕ್ ಆಮ್ಲವನ್ನು ಮೆಲ್ಲಗೆ ಇಳಿಸಿದರೆ ಎರಡು ದ್ರವಗಳು ಕೂಡುವಲ್ಲಿ ಕಂದು ಉಂಗುರ ಕಟ್ಟುತ್ತದೆ.

ಧನ ಅಯಾನುಗಳಿಗೆ ಗುಂಪುಗಳ ಜರಡಿ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಬೆಳ್ಳಿ, ಸೀಸ, ಮರ್ಕ್ಯುರಸ್ ಪಾದರಸಗಳನ್ನು ತಡೆಯುತ್ತದೆ. ಆಮ್ಲೀಯ ದ್ರಾವಣಕ್ಕೆ ಹೈಡ್ರೋಜನ್ ಸಲ್ಫೈಡ್ ಹಾಯಿಸಿದರೆ ತಾಮ್ರ, ಕ್ಯಾಡ್ಮಿಯಂ, ಬಿಸ್ಮತ್, ಆರ್ಸೆನಿಕ್, ಆಂಟಿಮನಿ, ತವರ. ಅಮೋನಿಯಂ ಕ್ಲೋರೈಡ್ ಮತ್ತು ಅಮೋನಿಯಾ ಸೇರಿದಾಗ ಕಬ್ಬಿಣ, ಅಲ್ಯೂಮಿನಿಯಂ, ಕ್ರೋಮಿಯಂ ಹೈಡ್ರಾಕ್ಸೈಡುಗಳು. ಅಮೋನಿಯಾ ಇರುವಾಗಲೇ ಮತ್ತೆ ಹೈಡ್ರೋಜನ್ ಸಲ್ಫೈಡ್ ಕೊಟ್ಟರೆ ಸತು, ಮ್ಯಾಂಗನೀಸ್, ನಿಕ್ಕಲ್, ಕೋಬಾಲ್ಟ್. ಅಮೋನಿಯಂ ಕಾರ್ಬನೇಟಿಗೆ ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ, ಬೇರಿಯಂ. ಮೆಗ್ನೀಸಿಯಂ ಕೊನೆಗೆ. ಅಮೋನಿಯಂ ಅಯಾನನ್ನು ಮಾತ್ರ ಮೂಲ ಮಾದರಿಯಲ್ಲೇ ಮೊದಲು ನೋಡಬೇಕು, ಏಕೆಂದರೆ ಮುಂದಿನ ಹಂತಗಳಲ್ಲಿ ಅಮೋನಿಯಂ ಲವಣವನ್ನು ಪರೀಕ್ಷಕನೇ ಸೇರಿಸುತ್ತಾನೆ.

ಒಂದೇ ಅನಿಲ ಎರಡು ಗುಂಪುಗಳಿಗೆ ಹೇಗೆ ಕೆಲಸ ಮಾಡುತ್ತದೆ ಎಂಬುದರಲ್ಲಿ ಈ ವ್ಯವಸ್ಥೆಯ ಸೊಗಸಿದೆ. ತಾಮ್ರದ ಸಲ್ಫೈಡಿನ ವಿಲೇಯತಾ ಗುಣಲಬ್ಧ ಸುಮಾರು 10⁻³⁶. ಸತುವಿನ ಸಲ್ಫೈಡಿನದು ಅದಕ್ಕಿಂತ ಕೋಟಿ ಕೋಟಿ ಪಟ್ಟು ದೊಡ್ಡದು. ಆಮ್ಲದಲ್ಲಿ ಹೈಡ್ರೋಜನ್ ಅಯಾನುಗಳು ತುಂಬಿರುವುದರಿಂದ ಹೈಡ್ರೋಜನ್ ಸಲ್ಫೈಡ್ ಒಡೆಯುವುದು ತೀರ ಕಡಿಮೆ. ಆಗ ಸಿಗುವ ಅತ್ಯಲ್ಪ ಸಲ್ಫೈಡ್ ಅಯಾನು ತಾಮ್ರವನ್ನು ಕೆಳಗಿಳಿಸಲು ಸಾಕು, ಸತುವಿಗೆ ಸಾಲದು. ಅಮೋನಿಯಾ ಸೇರಿ ಹೈಡ್ರೋಜನ್ ಅಯಾನು ಇಳಿದಾಗ ಸಲ್ಫೈಡ್ ಹೆಚ್ಚಿ ಸತುವಿನ ಸರದಿ ಬರುತ್ತದೆ. ಆದ್ದರಿಂದ ಕ್ರಮ ತಪ್ಪಿದರೆ ಪ್ರಕ್ಷೇಪ ಬಂದರೂ ಅದಕ್ಕೆ ಅರ್ಥವಿಲ್ಲ. ಒಂದು ಗುಂಪನ್ನು ಪೂರ್ತಿ ಇಳಿಸದೆ ಮುಂದಕ್ಕೆ ಹೋದರೆ ಉಳಿಕೆಯು ಮುಂದಿನ ಗುಂಪಿನ ವೇಷದಲ್ಲಿ ಬರುತ್ತದೆ. ಹೈಡ್ರೋಜನ್ ಸಲ್ಫೈಡ್ ಅಪಾಯಕಾರಿ ವಿಷವಾದ್ದರಿಂದ ಅನೇಕ ಕಡೆ ಥಯೋಅಸಿಟಮೈಡ್ ದ್ರಾವಣವನ್ನು ಕಾಯಿಸಿ ಅದನ್ನು ಬೇಕಾದಷ್ಟೇ ಹುಟ್ಟಿಸಿಕೊಳ್ಳುತ್ತಾರೆ.

ಗುಂಪಿನ ಪ್ರಕ್ಷೇಪ ಅನುಮಾನ ಮಾತ್ರ. ದೃಢೀಕರಣ ಪರೀಕ್ಷೆ ಬೇರೆಯದೇ ಗುಣವನ್ನು ಆಧರಿಸಿರಬೇಕು. ನಿಕ್ಕಲ್ ಇದೆ ಎನ್ನಲು ಕಪ್ಪು ಸಲ್ಫೈಡ್ ಸಾಲದು. 1905ರಲ್ಲಿ ರಷ್ಯದ ಲೆವ್ ಚುಗಾಯೆವ್ ತೋರಿಸಿದ ಡೈಮಿಥೈಲ್‌ಗ್ಲೈಆಕ್ಸೈಮ್ ಕಾರಕದಿಂದ ಕೆಂಪು ಪ್ರಕ್ಷೇಪ ಬಂದ ಮೇಲೆ ನಿಕ್ಕಲ್ ಎಂದು ಬರೆಯಬಹುದು. ಫೆರಿಕ್ ಕಬ್ಬಿಣಕ್ಕೆ ಥಯೋಸಯನೇಟಿನ ರಕ್ತಕೆಂಪು, ಫೆರೋಸಯನೈಡಿನ ಪ್ರಷ್ಯನ್ ನೀಲಿ.

ಕಪ್ಪು ಮರಳಿನ ಪರೀಕ್ಷೆ

ಕೇರಳದ ತೀರದ ಮರಳು ಒಂದು ಸಂಯುಕ್ತವಲ್ಲ, ಹಲವು ಖನಿಜಗಳ ಮಿಶ್ರಣ. ಆದ್ದರಿಂದ ಪರೀಕ್ಷೆ ಪ್ರಾರಂಭವಾಗುವುದು ಭೌತ ಗುಣಗಳಿಂದ. ಸಾಮಾನ್ಯ ಮರಳಾದ ಕ್ವಾರ್ಟ್ಜಿನ ಸಾಪೇಕ್ಷ ಸಾಂದ್ರತೆ 2.65. ಇಲ್ಮನೈಟ್, ರೂಟೈಲ್, ಜಿರ್ಕಾನ್, ಮೊನಾಜೈಟ್ ನಾಲ್ಕೂ 4ಕ್ಕಿಂತ ಹೆಚ್ಚು. 2.89 ಸಾಂದ್ರತೆಯ ಬ್ರೋಮೋಫಾರ್ಮ್ ದ್ರವದಲ್ಲಿ ಹಾಕಿದರೆ ಕ್ವಾರ್ಟ್ಜ್ ತೇಲಿ, ಭಾರದ ಖನಿಜಗಳು ತಳ ಸೇರುತ್ತವೆ. ಮುಂದೆ ಅಯಸ್ಕಾಂತ: ಇಲ್ಮನೈಟ್ ಚೆನ್ನಾಗಿ ಸೆಳೆಯಲ್ಪಡುತ್ತದೆ, ಮೊನಾಜೈಟ್ ಪ್ರಬಲ ಕ್ಷೇತ್ರಕ್ಕೆ ಮಾತ್ರ ಸ್ಪಂದಿಸುತ್ತದೆ, ರೂಟೈಲ್ ಮತ್ತು ಜಿರ್ಕಾನ್ ಕದಲುವುದಿಲ್ಲ. ಈ ಕೊನೆಯ ಎರಡರಲ್ಲಿ ರೂಟೈಲ್ ವಿದ್ಯುತ್ ಹರಿಯಬಿಡುತ್ತದೆ, ಜಿರ್ಕಾನ್ ಬಿಡುವುದಿಲ್ಲ. ಗಣಿಯ ಬೃಹತ್ ಯಂತ್ರಗಳು ಮರಳನ್ನು ವಿಂಗಡಿಸುವುದೂ ಇದೇ ವ್ಯತ್ಯಾಸಗಳಿಂದ. ಮೊನಾಜೈಟ್ ವಿಕಿರಣಶೀಲವಾದ್ದರಿಂದ ಗೈಗರ್ ಎಣಿಕೆಯಂತ್ರವನ್ನು ಹತ್ತಿರ ಹಿಡಿದರೇ ಸುಳಿವು ಸಿಗುತ್ತದೆ. ಮೊನಾಜೈಟ್ ಬಳಸುವವರು ಅದರ ಧೂಳು ಉಸಿರಿನೊಳಗೆ ಹೋಗದಂತೆ ನೋಡಿಕೊಳ್ಳಬೇಕು.

ಈ ಖನಿಜಗಳು ಸಾಧಾರಣ ಆಮ್ಲಗಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಇಲ್ಮನೈಟ್ ಪುಡಿಯನ್ನು ಪೊಟ್ಯಾಸಿಯಂ ಬೈಸಲ್ಫೇಟಿನೊಂದಿಗೆ ಮೂಸೆಯಲ್ಲಿ ಕರಗಿಸಿ, ತಣಿದ ಮುದ್ದೆಯನ್ನು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದಲ್ಲಿ ವಿಲೀನಗೊಳಿಸುತ್ತಾರೆ. ಆ ದ್ರಾವಣಕ್ಕೆ ಒಂದೆರಡು ಹನಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಟೈಟಾನಿಯಂ ಕಿತ್ತಳೆಹಳದಿ ಬಣ್ಣವನ್ನು ಕೊಡುತ್ತದೆ. ಕಬ್ಬಿಣದ ಹಳದಿ ಅಡ್ಡಬರದಂತೆ ಸ್ವಲ್ಪ ಫಾಸ್ಫಾರಿಕ್ ಆಮ್ಲ ಸೇರಿಸುವುದುಂಟು. ವನೇಡಿಯಂ ಕೂಡ ಪೆರಾಕ್ಸೈಡಿಗೆ ಕೆಂಪುಕಂದು ಬಣ್ಣ ತರುವುದರಿಂದ ಇನ್ನೊಂದು ಹೆಜ್ಜೆ ಬೇಕು: ಫ್ಲೋರೈಡ್ ಲವಣ ಸೇರಿಸಿದಾಗ ಟೈಟಾನಿಯಂನ ಬಣ್ಣ ಅಳಿಸಿಹೋಗುತ್ತದೆ, ವನೇಡಿಯಂನದು ಉಳಿಯುತ್ತದೆ. ಬಣ್ಣ ಬಂದದ್ದಷ್ಟೇ ಅಲ್ಲ, ಬಂದ ಬಣ್ಣ ಸರಿಯಾದ ಕಾರಕಕ್ಕೆ ಹೋದದ್ದೂ ಇಲ್ಲಿ ಸಾಕ್ಷಿ. ದ್ರಾವಣವನ್ನು ಸತು ಅಥವಾ ತವರದೊಂದಿಗೆ ಆಮ್ಲದಲ್ಲಿ ಕಾಯಿಸಿದರೆ +3 ಉತ್ಕರ್ಷಣ ಸ್ಥಿತಿಯ ಟೈಟಾನಿಯಂ ನೇರಳೆ ಬಣ್ಣದಲ್ಲಿ ಕಾಣಿಸಿಕೊಂಡು ನಿರ್ಣಯ ಗಟ್ಟಿಯಾಗುತ್ತದೆ. ಸಲ್ಫ್ಯೂರಿಕ್ ಆಮ್ಲದಿಂದ ಇಲ್ಮನೈಟನ್ನು ಒಡೆಯುವ ಈ ರಸಾಯನವೇ ದೊಡ್ಡ ಪ್ರಮಾಣದಲ್ಲಿ, 1946ರಲ್ಲಿ ಸ್ಥಾಪನೆಯಾದ ಕೊಚ್ಚುವೇಳಿಯ ಟ್ರಾವಂಕೂರ್ ಟೈಟಾನಿಯಂ ಪ್ರಾಡಕ್ಟ್ಸ್ ಕಾರ್ಖಾನೆಯ ಆಧಾರ. ಲೋಹರೂಪದ ಟೈಟಾನಿಯಂ ಸ್ಪಂಜನ್ನು 2011ರಿಂದ ಚವರದಲ್ಲಿ ತಯಾರಿಸಲಾಗುತ್ತಿದೆ. ಆ ಘಟಕಕ್ಕೆ ಹಣ ಕೊಟ್ಟದ್ದು ತುಂಬದ ಬಾಹ್ಯಾಕಾಶ ಕೇಂದ್ರ.

ಜಿರ್ಕಾನ್ ಇನ್ನೂ ಹಟಮಾರಿ. ಕ್ಷಾರದೊಂದಿಗೆ ಕರಗಿಸಿ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ತಂದ ಮೇಲೆ ಅರಿಶಿನದ ಕಾಗದವನ್ನು ಅದರಲ್ಲಿ ಅದ್ದಿ ಒಣಗಿಸಿದರೆ ಕಾಗದ ಕಿತ್ತಳೆ ಮಿಶ್ರಿತ ಕಂದಾಗುತ್ತದೆ. ಬೋರಿಕ್ ಆಮ್ಲವೂ ಅರಿಶಿನದ ಕಾಗದವನ್ನು ಕೆಂಪುಕಂದು ಮಾಡುತ್ತದೆ, ಆದರೆ ಅದರ ಮೇಲೆ ಕ್ಷಾರದ ಹನಿ ಬಿದ್ದಾಗ ಹಸಿರುಗಪ್ಪಿಗೆ ತಿರುಗುತ್ತದೆ. ಟೈಟಾನಿಯಂ ಕೂಡ ಈ ಪರೀಕ್ಷೆಯನ್ನು ಕೆಡಿಸಬಲ್ಲದು. ಅಲಿಜರಿನ್ ಬಣ್ಣದೊಂದಿಗೆ ಜಿರ್ಕೋನಿಯಂ ಕೆಂಪು ಸಂಕೀರ್ಣವಾಗುತ್ತದೆ. ಫ್ಲೋರೈಡ್ ಆ ಸಂಕೀರ್ಣದಿಂದ ಜಿರ್ಕೋನಿಯಂ ಅನ್ನು ಕಿತ್ತುಕೊಂಡರೆ ಕೆಂಪು ಹೋಗಿ ಹಳದಿ ಉಳಿಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಸೀಮೆಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಗೊತ್ತಿರುವ ಸಂಗತಿ. ಸ್ಥಳದಲ್ಲೇ ಅದನ್ನು ನೋಡಲು ಬಳಸಿದ ಸರಳ ಬಣ್ಣದ ಪರೀಕ್ಷೆಗಳಲ್ಲಿ ಈ ಜಿರ್ಕೋನಿಯಂ-ಅಲಿಜರಿನ್ ಪರೀಕ್ಷೆ ಒಂದು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಾಗ 1.5 ಮಿಲಿಗ್ರಾಂ.

ಮೊನಾಜೈಟ್ ಕಾಲೇಜಿನ ಕೋಷ್ಟಕದ ಮಿತಿಯನ್ನು ತೋರಿಸುವ ಖನಿಜ. ಇದು ಸೀರಿಯಂ, ಲ್ಯಾಂಥನಮ್, ನಿಯೋಡಿಮಿಯಂ ಮುಂತಾದ ವಿರಳ ಭಸ್ಮಧಾತುಗಳ ಫಾಸ್ಫೇಟ್, ಜೊತೆಗೆ ಥೋರಿಯಂ. ಸಾಮಾನ್ಯ ಗುಂಪು ವಿಧಾನದಲ್ಲಿ ಇವೆಲ್ಲವೂ ಕಬ್ಬಿಣದೊಂದಿಗೆ ಮೂರನೆಯ ಗುಂಪಿನಲ್ಲಿ ಇಳಿದುಬಿಡುತ್ತವೆ. ಫಾಸ್ಫೇಟ್ ಇನ್ನೊಂದು ಗೊಂದಲ ಎಬ್ಬಿಸುತ್ತದೆ: ಅಮೋನಿಯಾ ಸೇರಿಸಿದೊಡನೆ ಕ್ಯಾಲ್ಸಿಯಂ, ಬೇರಿಯಂಗಳೂ ಫಾಸ್ಫೇಟಾಗಿ ಅಲ್ಲೇ ಕೂರುತ್ತವೆ. ಆದ್ದರಿಂದ ಅಮೋನಿಯಂ ಮಾಲಿಬ್ಡೇಟಿನ ಹಳದಿ ಕಂಡರೆ ಮೊದಲು ಫಾಸ್ಫೇಟನ್ನು ಹೊರಗೆ ಹಾಕಬೇಕು. ಆಲುವಾದ ಕಾರ್ಖಾನೆಯಲ್ಲಿ ಮೊನಾಜೈಟನ್ನು ಕಾಸ್ಟಿಕ್ ಸೋಡದೊಂದಿಗೆ ಬೇಯಿಸಿದಾಗ ಫಾಸ್ಫೇಟ್ ಟ್ರೈಸೋಡಿಯಂ ಫಾಸ್ಫೇಟಾಗಿ ನೀರಿಗೆ ಹೋಗಿ, ಲೋಹಗಳ ಹೈಡ್ರಾಕ್ಸೈಡುಗಳು ಉಳಿಯುತ್ತಿದ್ದವು. ಪ್ರಯೋಗಶಾಲೆಯ ಮೂಸೆಯಲ್ಲೂ ಇದನ್ನು ಮಾಡಬಹುದು.

ಆಮ್ಲೀಯ ದ್ರಾವಣಕ್ಕೆ ಆಕ್ಸಾಲಿಕ್ ಆಮ್ಲ ಸೇರಿಸಿದರೆ ಥೋರಿಯಂ ಮತ್ತು ವಿರಳ ಭಸ್ಮಧಾತುಗಳು ಬಿಳಿ ಆಕ್ಸಲೇಟಾಗಿ ಇಳಿದು, ಕಬ್ಬಿಣ ದ್ರಾವಣದಲ್ಲೇ ನಿಲ್ಲುತ್ತದೆ. ಈ ಪ್ರಕ್ಷೇಪಕ್ಕೆ ಅಮೋನಿಯಂ ಆಕ್ಸಲೇಟ್ ಧಾರಾಳವಾಗಿ ಹಾಕಿದರೆ ಥೋರಿಯಂ ಕರಗಿ ಹೋಗುತ್ತದೆ, ಉಳಿದವು ಬಹುಮಟ್ಟಿಗೆ ನಿಲ್ಲುತ್ತವೆ. ಪ್ರಬಲ ನೈಟ್ರಿಕ್ ಆಮ್ಲದಲ್ಲೂ ಥೋರಿಯಂ ಅಯೊಡೇಟ್ ಕರಗದೆ ಇಳಿಯುವುದು ಮತ್ತೊಂದು ಗುರುತು. +4 ಉತ್ಕರ್ಷಣ ಸ್ಥಿತಿಯ ಸೀರಿಯಂ ಕೂಡ ಹಾಗೆಯೇ ವರ್ತಿಸುವುದರಿಂದ ಮೊದಲು ಹೈಡ್ರೋಜನ್ ಪೆರಾಕ್ಸೈಡಿನಿಂದ ಅದನ್ನು +3ಕ್ಕೆ ಇಳಿಸಿರಬೇಕು. ಅದೇ ಪೆರಾಕ್ಸೈಡ್ ಅಮೋನಿಯಾದ ಜೊತೆಯಲ್ಲಿ ಸೀರಿಯಂಗೆ ಕಿತ್ತಳೆಗಂದು ಪ್ರಕ್ಷೇಪ ತರುತ್ತದೆ. ಆಮ್ಲದಲ್ಲಿ ಒಂದು ದಾರಿ, ಕ್ಷಾರದಲ್ಲಿ ಇನ್ನೊಂದು ದಾರಿ ಹಿಡಿಯುವ ಈ ನಡತೆ ಸೀರಿಯಂ ಅನ್ನು ಅದರ ಒಡಹುಟ್ಟುಗಳಿಂದ ಬೇರ್ಪಡಿಸುತ್ತದೆ. ಲ್ಯಾಂಥನಮ್, ನಿಯೋಡಿಮಿಯಂ, ಪ್ರೇಸಿಯೋಡಿಮಿಯಂಗಳನ್ನು ಒಂದರಿಂದೊಂದು ಬಿಡಿಸಲು ಮಾತ್ರ ಪ್ರನಾಳದ ಪರೀಕ್ಷೆ ಸೋಲುತ್ತದೆ. ಅಯಾನು ವಿನಿಮಯ, ದ್ರಾವಕ ನಿಷ್ಕರ್ಷಣೆ, ರೋಹಿತಮಾಪನಗಳೇ ಬೇಕು.

ನಾಲ್ಕು ಬಿಳಿ ಹರಳು

ಅಮೋನಿಯಂ ಕ್ಲೋರೈಡ್, ಸಲ್ಫೇಟ್, ನೈಟ್ರೇಟ್, ಪರ್ಕ್ಲೋರೇಟ್ ನಾಲ್ಕೂ ಬಿಳಿ, ನಾಲ್ಕೂ ನೀರಿನಲ್ಲಿ ಕರಗುತ್ತವೆ. ಆಲುವಾ ಬಳಿಯ ಉದ್ಯೋಗಮಂಡಲದ ಫ್ಯಾಕ್ಟ್ ಕಾರ್ಖಾನೆಯಿಂದ 1947ರಲ್ಲಿ ಹೊರಬಿದ್ದ ಗೊಬ್ಬರ ಅಮೋನಿಯಂ ಸಲ್ಫೇಟ್; ಅದೇ ಆಲುವಾದಲ್ಲಿ ಬಾಹ್ಯಾಕಾಶ ಕೇಂದ್ರದ ಘಟಕ ತಯಾರಿಸುವುದು ಘನ ಇಂಧನ ರಾಕೆಟ್ಟಿಗೆ ಆಮ್ಲಜನಕ ಒದಗಿಸುವ ಅಮೋನಿಯಂ ಪರ್ಕ್ಲೋರೇಟ್. ಚೀಟಿ ಕಳೆದುಹೋದ ಬಾಟಲಿಯಲ್ಲಿ ಇವನ್ನು ಕಣ್ಣಳತೆಯಲ್ಲಿ ಹೇಳುವುದು ಸಾಧ್ಯವಿಲ್ಲ, ತಪ್ಪಾದರೆ ಅಪಾಯ.

ನಾಲ್ಕಕ್ಕೂ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ ಕಾಯಿಸಿದರೆ ಅಮೋನಿಯಾ ಹೊರಟು ಒದ್ದೆ ಕೆಂಪು ಲಿಟ್ಮಸ್ ನೀಲಿಯಾಗುತ್ತದೆ. ನೆಸ್ಲರ್ ಕಾರಕ ಕಂದಾಗುತ್ತದೆ. ಧನ ಅಯಾನು ಖಚಿತವಾಯಿತು. ಇನ್ನು ನೈಟ್ರಿಕ್ ಆಮ್ಲ ಸೇರಿಸಿದ ದ್ರಾವಣಕ್ಕೆ ಬೆಳ್ಳಿ ನೈಟ್ರೇಟ್ ಹಾಕಿದರೆ ಕ್ಲೋರೈಡ್ ಮಾತ್ರ ಬಿಳಿ ಪ್ರಕ್ಷೇಪ ಕೊಡುತ್ತದೆ, ಬೇರಿಯಂ ಕ್ಲೋರೈಡಿಗೆ ಸಲ್ಫೇಟ್ ಮಾತ್ರ. ಎರಡಕ್ಕೂ ಮೌನವಾಗಿರುವವು ನೈಟ್ರೇಟ್ ಮತ್ತು ಪರ್ಕ್ಲೋರೇಟ್. ಕಂದು ಉಂಗುರ ನೈಟ್ರೇಟನ್ನು ತೋರಿಸುತ್ತದೆ. ಉಳಿದದ್ದು ಪರ್ಕ್ಲೋರೇಟ್ ಎಂದು ಇಷ್ಟಕ್ಕೇ ಬರೆದುಬಿಡುವ ಆಸೆ ಪರೀಕ್ಷಕನಿಗೆ ಸಹಜ. ಆದರೆ ಮಾದರಿ ಈ ನಾಲ್ಕರಲ್ಲೊಂದು ಎಂಬ ಭರವಸೆ ಯಾರೂ ಕೊಟ್ಟಿಲ್ಲ. ಮೌನದಿಂದ ಮಾಡಿದ ತೀರ್ಮಾನಕ್ಕೆ ಮಾತಿನ ಬೆಂಬಲ ಬೇಕು.

ಆ ಬೆಂಬಲ ಮೂರು ಕಡೆಯಿಂದ ಬರುತ್ತದೆ. ಪೊಟ್ಯಾಸಿಯಂ ಲವಣದ ಗಾಢ ದ್ರಾವಣ ಸೇರಿಸಿದರೆ ಪೊಟ್ಯಾಸಿಯಂ ಪರ್ಕ್ಲೋರೇಟ್ ಬಿಳಿ ಹರಳಾಗಿ ಇಳಿಯುತ್ತದೆ. ಕೋಣೆಯ ಉಷ್ಣತೆಯಲ್ಲಿ 100 ಮಿಲಿಲೀಟರ್ ನೀರಿನಲ್ಲಿ ಅದು ಕರಗುವುದು ಎರಡು ಗ್ರಾಂನಷ್ಟೇ. ಮಿಥಿಲೀನ್ ಬ್ಲೂ ದ್ರಾವಣ ನೇರಳೆ ಹರಳಿನ ಪ್ರಕ್ಷೇಪ ಕೊಡುತ್ತದೆ. ಮೂರನೆಯದು ಎಲ್ಲಕ್ಕಿಂತ ಬಲವಾದದ್ದು: ಟೈಟಾನಸ್ ಸಲ್ಫೇಟಿನೊಂದಿಗೆ ಕುದಿಸಿದಾಗ ಪರ್ಕ್ಲೋರೇಟ್ ಕ್ಲೋರೈಡಿಗೆ ಇಳಿಯುತ್ತದೆ, ಮೊದಲು ಸುಮ್ಮನಿದ್ದ ಬೆಳ್ಳಿ ನೈಟ್ರೇಟ್ ಈಗ ಬಿಳಿ ಪ್ರಕ್ಷೇಪ ತೋರಿಸುತ್ತದೆ. ಕ್ಲೋರೇಟ್ ಕೂಡ ಬೆಳ್ಳಿಗೆ ಮೌನವೇ, ಆದರೆ ಅದನ್ನು ಕ್ಲೋರೈಡಿಗೆ ಇಳಿಸಲು ಸಾಧಾರಣ ಸಲ್ಫೈಟ್ ಸಾಕು. ಪರ್ಕ್ಲೋರೇಟ್ ಅದಕ್ಕೆ ಜಗ್ಗುವುದಿಲ್ಲ. ಕ್ಲೋರೇಟಿಗೆ ಗಾಢ ಸಲ್ಫ್ಯೂರಿಕ್ ಆಮ್ಲ ಹಾಕುವುದು ಸ್ಫೋಟಕ್ಕೆ ದಾರಿ. ಈ ಕಾರಣಕ್ಕೇ ಅಪರಿಚಿತ ವಸ್ತುವಿನ ಮೇಲೆ ಗಾಢ ಆಮ್ಲದ ಪರೀಕ್ಷೆಯನ್ನು ಮೊದಲು ಕಾಳಿನಷ್ಟು ಮಾದರಿಯಲ್ಲಿ, ಕಾಯಿಸದೆ ಮಾಡಬೇಕೆಂಬ ನಿಯಮವಿದೆ.

ಸಾವಯವ ಸಂಯುಕ್ತಗಳು

ಸಾವಯವ ವಸ್ತುಗಳಲ್ಲಿ ಅಯಾನುಗಳ ಬದಲು ಕ್ರಿಯಾತ್ಮಕ ಗುಂಪುಗಳನ್ನು ಹುಡುಕುತ್ತಾರೆ. ಹೊಗೆ ಕಾರಿ ಉರಿದರೆ ಬೆಂಜೀನಿನಂಥ ವಲಯದ ಸೂಚನೆ. ಸೋಡಿಯಂ ಲೋಹದೊಂದಿಗೆ ಕರಗಿಸಿ ತೆಗೆದ ಲಸ್ಸೇನ್ ದ್ರಾವಣದಲ್ಲಿ ನೈಟ್ರೋಜನ್, ಗಂಧಕ, ಹ್ಯಾಲೋಜನ್‌ಗಳು ಅಯಾನುಗಳಾಗಿ ಪತ್ತೆಯಾಗುತ್ತವೆ. ಫೆರಿಕ್ ಕ್ಲೋರೈಡಿನ ನೇರಳೆ ಫೀನಾಲಿಗೆ, ಟಾಲೆನ್ಸ್ ಕಾರಕದ ಬೆಳ್ಳಿ ಕನ್ನಡಿ ಆಲ್ಡಿಹೈಡಿಗೆ, ಬೈಕಾರ್ಬನೇಟಿನಲ್ಲಿ ನೊರೆ ಕಾರ್ಬಾಕ್ಸಿಲಿಕ್ ಆಮ್ಲಕ್ಕೆ. ಕೊನೆಯ ತೀರ್ಪು ದ್ರವನಬಿಂದುವಿನದು. ಯೂರಿಯ ಮತ್ತು ಸಿನಮಿಕ್ ಆಮ್ಲ ಎರಡೂ ಸುಮಾರು 133 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತವೆ. ಎರಡನ್ನೂ ಬೆರೆಸಿದರೆ ಅದಕ್ಕಿಂತ ಎಷ್ಟೋ ಕೆಳಗೆ ಕರಗುತ್ತವೆ. ಹಾಗಾಗಿ ಅಪರಿಚಿತ ವಸ್ತುವನ್ನು ಗೊತ್ತಿರುವ ಶುದ್ಧ ವಸ್ತುವಿನೊಂದಿಗೆ ಬೆರೆಸಿಯೂ ಬಿಂದು ಇಳಿಯದಿದ್ದರೆ ಎರಡೂ ಒಂದೇ.

ಮೀನಿನ ಮಾರುಕಟ್ಟೆಯಲ್ಲಿ

2018ರಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ಆಪರೇಷನ್ ಸಾಗರ್ ರಾಣಿ ಎಂಬ ಕಾರ್ಯಾಚರಣೆಯಲ್ಲಿ ಫಾರ್ಮಲಿನ್ ಬೆರೆತ ಮೀನನ್ನು ಹಿಡಿಯಿತು. ಫಾರ್ಮಲಿನ್ ಎಂದರೆ ನೀರಿನಲ್ಲಿ ಶೇಕಡ 37ರಿಂದ 40ರಷ್ಟು ಫಾರ್ಮಾಲ್ಡಿಹೈಡ್; ಶವ ಕೆಡದಂತೆ ಇಡಲು ಬಳಸುವ ದ್ರವ. ತಪಾಸಣಾ ಠಾಣೆಯಲ್ಲಿ ನಿಂತ ಲಾರಿಯ ಮೀನನ್ನು ದೂರದ ಪ್ರಯೋಗಶಾಲೆಗೆ ಕಳಿಸಿ ಕಾಯುವಂತಿಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ರೂಪಿಸಿದ ಕಾಗದದ ಪಟ್ಟಿಯ ಕಿಟ್‌ಗಳು ಆ ಹೊತ್ತಿಗೆ ಒದಗಿದವು. ಪಟ್ಟಿಯನ್ನು ಮೀನಿನ ಮೈಮೇಲೆ ಉಜ್ಜಿ ಕಾರಕದ ಹನಿ ಹಾಕಿ, ಬಣ್ಣವನ್ನು ಕೊಟ್ಟಿರುವ ಮಾದರಿ ಬಣ್ಣದೊಂದಿಗೆ ಹೋಲಿಸಿ ನೋಡುವುದು ಕ್ರಮ. ಫಾರ್ಮಾಲ್ಡಿಹೈಡಿಗೆ ಒಂದು, ಅಮೋನಿಯಾಕ್ಕೆ ಇನ್ನೊಂದು ಕಿಟ್ ಇದೆ.

ಪ್ರಯೋಗಶಾಲೆಯ ಪರೀಕ್ಷೆಗಳಲ್ಲಿ ಷಿಫ್ ಕಾರಕ ಬಹುತೇಕ ಎಲ್ಲ ಆಲ್ಡಿಹೈಡುಗಳಿಗೂ ಕೆನ್ನೇರಳೆಯಾಗುವುದರಿಂದ ಮೊದಲ ಜರಡಿಗೆ ಸರಿ. ಕ್ರೋಮೋಟ್ರೋಪಿಕ್ ಆಮ್ಲ ಗಾಢ ಸಲ್ಫ್ಯೂರಿಕ್ ಆಮ್ಲದಲ್ಲಿ ಫಾರ್ಮಾಲ್ಡಿಹೈಡಿಗೆ ನೇರಳೆ ಕೊಡುತ್ತದೆ, ಬೇರೆ ಆಲ್ಡಿಹೈಡುಗಳಿಗೆ ಹಾಗೆ ಕೊಡುವುದಿಲ್ಲ. ಅಸಿಟೈಲ್ ಅಸಿಟೋನ್ ಮತ್ತು ಅಮೋನಿಯಂ ಅಸಿಟೇಟ್ ಸೇರಿದ ಕಾರಕ ಹಳದಿಯಾಗುತ್ತದೆ. ಆ ಹಳದಿಯನ್ನು 412 ನ್ಯಾನೋಮೀಟರಿನಲ್ಲಿ ಅಳೆದರೆ ಪ್ರಮಾಣವೂ ತಿಳಿಯುತ್ತದೆ.

ಇಲ್ಲಿ ಪ್ರಮಾಣ ತಿಳಿಯುವುದು ಅನಿವಾರ್ಯ. ಕಡಲ ಮೀನಿನ ಮಾಂಸದಲ್ಲಿ ಸಹಜವಾಗಿರುವ ಟ್ರೈಮಿಥೈಲಮೀನ್ ಆಕ್ಸೈಡ್ ಒಡೆದಾಗ ಡೈಮಿಥೈಲಮೀನ್ ಮತ್ತು ಫಾರ್ಮಾಲ್ಡಿಹೈಡ್ ಹುಟ್ಟುತ್ತವೆ. ಕೆಲವು ಜಾತಿಗಳಲ್ಲಿ, ಅದರಲ್ಲೂ ಹೆಚ್ಚುಕಾಲ ಹೆಪ್ಪುಗಟ್ಟಿಸಿಟ್ಟಾಗ, ಇದು ಗಮನಾರ್ಹವಾಗಿರುತ್ತದೆ. ಹಾಗಾಗಿ ಪಟ್ಟಿಯ ಬಣ್ಣ ಬದಲಾದರೆ ಮೀನಿನಲ್ಲಿ ಫಾರ್ಮಾಲ್ಡಿಹೈಡ್ ಇದೆ ಎಂದಷ್ಟೇ ತಿಳಿಯುತ್ತದೆ, ವ್ಯಾಪಾರಿ ಅದನ್ನು ಸುರಿದನೆಂದು ತಿಳಿಯುವುದಿಲ್ಲ. ಬಡ ಮೀನುಮಾರಾಟಗಾರ್ತಿಯ ಬುಟ್ಟಿಯನ್ನು ಮಣ್ಣುಪಾಲು ಮಾಡುವ ಮೊದಲು ಈ ವ್ಯತ್ಯಾಸ ನೆನಪಿರಲೇಬೇಕು.

ಕಾನೂನೂ ಈ ವ್ಯತ್ಯಾಸವನ್ನು ಒಪ್ಪುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಂತೆ ಅಧಿಕಾರಿ ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ ಹೋಗುತ್ತದೆ. ಅವರು 14 ದಿನಗಳೊಳಗೆ ವರದಿ ಕೊಡಬೇಕು. ಎರಡು ಭಾಗ ಅಂಕಿತ ಅಧಿಕಾರಿಯ ಬಳಿ ಉಳಿಯುತ್ತವೆ. ವ್ಯಾಪಾರಿ ಕೇಳಿಕೊಂಡರೆ ಇನ್ನೊಂದು ಭಾಗವನ್ನು ಮಾನ್ಯತೆ ಪಡೆದ ಪ್ರಯೋಗಶಾಲೆಗೆ ಕಳಿಸಲಾಗುತ್ತದೆ. ಎರಡು ವರದಿಗಳು ಹೊಂದದಿದ್ದರೆ ಉಳಿಸಿಟ್ಟ ಭಾಗ ರೆಫರಲ್ ಪ್ರಯೋಗಶಾಲೆಗೆ ಹೋಗುತ್ತದೆ, ಅಲ್ಲಿನ ತೀರ್ಮಾನವೇ ಅಂತಿಮ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಅಂಥ ಪ್ರಯೋಗಶಾಲೆಗಳಲ್ಲೊಂದು.